ವಿದೇಶಿ ಹಡಗಿನಲ್ಲಿ ಕಳ್ಳಮಾಲು: ಮೊದಲು ಮಹಜರು, ಆಮೇಲೆ ದೂತಾವಾಸ

ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ನಾನು ವಿದೇಶಿ ಹಡಗುಗಳ ಏಜೆಂಟ್. ಹಡಗಿನಲ್ಲಿ ಕಳ್ಳಮಾಲು ಸಿಕ್ಕ ಕೂಡಲೇ ರಾಯಭಾರಿಯಿಂದ ದೆಹಲಿಗೆ ಪತ್ರ ಬರೆಸುವ ಆತುರ ಮಾಲೀಕರಿಗೆ. ನಾನು ಮೊದಲು ಹಿಡಿಯುವುದು ಮಹಜರನ್ನು.

ಕ್ಯಾಬಿನ್ ಗೋಡೆಯ ಹಲಗೆಯ ಹಿಂದೆ ಸಿಗರೇಟ್ ಸಿಕ್ಕಿತು ಅನ್ನಿ. ಹಡಗು ಕಟ್ಟುವಾಗಲೇ ಬಿಟ್ಟ ಸಂದು ಅದಾದರೆ 1962ರ ಕಸ್ಟಮ್ಸ್ ಕಾಯ್ದೆಯ 115(2) ಅನ್ವಯ. ಮಾಲೀಕ, ಏಜೆಂಟ್, ಕ್ಯಾಪ್ಟನ್ ಮೂವರಿಗೂ ಗೊತ್ತಿರಲಿಲ್ಲ, ಯಾರೂ ಶಾಮೀಲಾಗಿರಲಿಲ್ಲ ಎಂದು ಸಾಬೀತಾದರೆ ಹಡಗು ಪಾರು. ಆಗದಿದ್ದರೂ, ಬಾಡಿಗೆಗೆ ಸರಕು ಸಾಗಿಸುವ ಹಡಗಾದ್ದರಿಂದ, ಮುಟ್ಟುಗೋಲಿನ ಬದಲು ಹಾಕುವ ದಂಡ ಆ ಮಾಲಿನ ಮಾರುಕಟ್ಟೆ ಬೆಲೆ ದಾಟುವಂತಿಲ್ಲ. ‘ಬಚ್ಚಿಡಲೆಂದೇ ಮಾಡಿದ ಗೂಡು’ ಎಂದು ಮಹಜರಿನಲ್ಲಿ ಬಂತೋ, ಪ್ರಕರಣ 115(1)ಕ್ಕೆ ಜಾರುತ್ತದೆ. ಅಲ್ಲಿ ‘ಗೊತ್ತಿರಲಿಲ್ಲ’ ಎಂಬ ರಕ್ಷಣೆಯೇ ಇಲ್ಲ. ಅದಕ್ಕೇ ಹಡಗಿನ ಮೂಲ ನಕ್ಷೆ ತರಿಸಿ ಆ ಸಂದನ್ನು ಅದರಲ್ಲಿ ತೋರಿಸುತ್ತೇನೆ. ಸ್ಕ್ರೂ ತಲೆಗಳ ಫೋಟೊ ಬೇಕೇ ಬೇಕು: ಹಳೆಯ ಬಣ್ಣ ಹಾಗೇ ಇದೆಯೋ, ಹೊಸದಾಗಿ ಗೀರು ಬಿದ್ದು ಹೊಳೆಯುತ್ತಿದೆಯೋ ಎಂಬುದು ವಿಚಾರಣೆಯಲ್ಲಿ ದೊಡ್ಡ ಮಾತಾಗುತ್ತದೆ. ಮಹಜರಿನ ಬಗ್ಗೆ ಆಕ್ಷೇಪಣೆ ಇದ್ದರೆ ಅಂದೇ ಬರಹದಲ್ಲಿ ಕೊಡಬೇಕು.

‘ಗೊತ್ತಿರಲಿಲ್ಲ’ ಎಂದು ಸಾಬೀತುಪಡಿಸಲು ಲಾಗ್‌ಬುಕ್ಕಿನಲ್ಲಿ ‘ಹಡಗು ಪೂರ್ತಿ ಹುಡುಕಿದೆವು’ ಎಂಬ ಒಂದೇ ಸಾಲಿಗೆ ಬೆಲೆಯಿಲ್ಲ. ಇಂಜಿನ್ ರೂಮಿನ ನೆಲದ ಪ್ಲೇಟುಗಳ ಅಡಿ, ಬಣ್ಣದ ಕೋಣೆ, ಲೈಫ್ ಜಾಕೆಟ್ ಪೆಟ್ಟಿಗೆ ಹೀಗೆ ಪ್ರತಿ ಜಾಗಕ್ಕೂ ಸಮಯ, ಹುಡುಕಿದವರ ಹೆಸರು, ಸಹಿ ಇರಬೇಕು. ಜತೆಗೆ ಪ್ರತಿ ನಾವಿಕನೂ ಸಹಿ ಹಾಕಿದ ಸ್ವಂತ ಸಾಮಾನಿನ ಘೋಷಣೆ.

ದೂತಾವಾಸದ ವಿಷಯದಲ್ಲಿ ಗೊಂದಲವಾಗುವುದು ಧ್ವಜದಿಂದ. ಹಡಗು ಪನಾಮಾದ್ದು, ಬಂಧಿತ ಫಿಲಿಪೀನ್ಸ್‌ನವನು ಎಂದಾದರೆ ಅವನ ಪರವಾಗಿ ಬರಬೇಕಾದ್ದು ಫಿಲಿಪೀನ್ಸ್ ಕಾನ್ಸುಲ್. ಕಾನ್ಸುಲರ್ ಸಂಬಂಧಗಳ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಹಿಡಿದು ಭೇಟಿಗೆ ಅವಕಾಶ ಕೇಳಲಿ, ದುಭಾಷಿಯನ್ನು ಕೇಳಲಿ. ಕಸ್ಟಮ್ಸ್ ಅಧಿಕಾರಿ ಪಡೆಯುವ 108ನೇ ಸೆಕ್ಷನ್ನಿನ ಹೇಳಿಕೆಗೆ ಅರ್ಥವಾಗದೆ ಸಹಿ ಬಿದ್ದರೆ ಆಮೇಲೆ ಹಿಂತೆಗೆಯುವುದು ಬಹಳ ಕಷ್ಟ. ದಂಡ ಇಳಿಸಿ ಎಂಬ ರಾಜತಾಂತ್ರಿಕ ಪತ್ರ ಮಾತ್ರ ಬೇಡ. ತೀರ್ಪು ಕೊಡುವ ಕಮಿಷನರ್ ಸಾಕ್ಷ್ಯ ನೋಡಿ ನಿರ್ಧರಿಸಬೇಕಾದವರು. ವಿದೇಶಿ ಹಡಗಿನೊಳಗೆ ಬಂಧನ, ತನಿಖೆಗೆ ಮಿತಿ ಹಾಕುವ, ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 27ನೇ ವಿಧಿಯನ್ನು ಹೊರದೇಶದ ವಕೀಲರು ಪದೇಪದೇ ಎತ್ತುತ್ತಾರೆ. ಅದು ನಮ್ಮ ಕರಾವಳಿ ಹಾದುಹೋಗುವ ಹಡಗಿನ ಮಾತು, ಧಕ್ಕೆಯಲ್ಲಿ ಕಟ್ಟಿದ ಹಡಗಿನದ್ದಲ್ಲ.

ಕಸ್ಟಮ್ಸ್‌ನ ಲಿಖಿತ ಅನುಮತಿಯಿಲ್ಲದೆ ಹಡಗು ಹೊರಡುವಂತಿಲ್ಲ. ನಿಂತ ದಿನಗಳ ಬಾಡಿಗೆ ನಷ್ಟವೇ ದಂಡವನ್ನು ಮೀರಿಸಬಹುದು. ಆದ್ದರಿಂದ 110ಎ ಅಡಿ ತಾತ್ಕಾಲಿಕ ಬಿಡುಗಡೆಗೆ ಅರ್ಜಿ, ಬಾಂಡ್, ಬ್ಯಾಂಕ್ ಗ್ಯಾರಂಟಿ ಮೂರನ್ನೂ ಒಟ್ಟಿಗೇ ಸಿದ್ಧಮಾಡುತ್ತೇನೆ. ಕಮಿಷನರ್ ಆದೇಶ ಒಪ್ಪಿಗೆಯಾಗದಿದ್ದರೆ 3 ತಿಂಗಳೊಳಗೆ ಬೆಂಗಳೂರಿನ ಕಸ್ಟಮ್ಸ್ ನ್ಯಾಯಮಂಡಳಿಗೆ ಮೇಲ್ಮನವಿ, ಅದಕ್ಕೆ ಪೆನಾಲ್ಟಿಯ (ಮುಟ್ಟುಗೋಲಿನ ಬದಲಿನ ದಂಡವಲ್ಲ, ತಪ್ಪಿಗೆ ಬೇರೆಯಾಗಿ ಹಾಕಿದ್ದು) ಶೇ 7.5 ಠೇವಣಿ.