ಹಾರಂಗಿ ಹಿನ್ನೀರಿನ ದೋಣಿಗೆ ಡಿಜಿಟಲ್ ಗೇಜ್ ಕೂರಿಸಿದ ನನ್ನ ಅನುಭವ

ತೋಟದಲ್ಲಿ ಸ್ಪ್ರಿಂಕ್ಲರ್ ಪಂಪ್‌ಸೆಟ್ ಓಡಿಸಿ ಅಭ್ಯಾಸ ಇರುವವರಿಗೆ ಎಂಜಿನ್ ಹೇಗಿದೆ ಅಂತ ಕಿವಿಗೇ ಗೊತ್ತಾಗುತ್ತದೆ. ಲೋಡ್ ಜಾಸ್ತಿಯಾದರೆ ಸದ್ದು ಬದಲಾಗುತ್ತದೆ, ಹೊಗೆ ಕಪ್ಪಾಗುತ್ತದೆ. ದೋಣಿಯ ಹಿಂಬದಿಗೆ ಕೂರಿಸುವ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಹಾಗಲ್ಲ. ಕವರ್ ಒಳಗೆ ಬಿಸಿ ಏರುತ್ತಿದ್ದರೂ ಅದೇ ಸದ್ದು, ಅದೇ ಓಟ. ಅಲಾರಂ ಕೂಗಿದ ಮೇಲೇ ವಿಷಯ ತಿಳಿಯುವುದು. ಅಷ್ಟರಲ್ಲಿ ದಡ ಎಲ್ಲೋ, ನಾವು ಎಲ್ಲೋ.

ನಮ್ಮದು 60 ಎಚ್‌ಪಿ ಪೆಟ್ರೋಲ್ ಔಟ್‌ಬೋರ್ಡ್ ಇರುವ ಸಣ್ಣ ಫೈಬರ್ ದೋಣಿ. ಗೆಳೆಯರು ಸೇರಿ ಇಟ್ಟುಕೊಂಡಿದ್ದೇವೆ. ಹಾರಂಗಿ ಹಿನ್ನೀರಿನಲ್ಲಿ ಅನುಮತಿ ಇರುವಷ್ಟು ಜಾಗದಲ್ಲಿ ಓಡಿಸುತ್ತೇವೆ. ಅದರಲ್ಲಿದ್ದ ಮುಳ್ಳಿನ ಡಯಲ್‌ಗಳಿಗೆ ಕೊಡಗಿನ ಮಳೆ ತಡೆಯಲಿಲ್ಲ. ಗಾಜಿನ ಒಳಗೆ ಹಬೆ ಕಟ್ಟಿ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು) ತೋರಿಸುವ ಮುಳ್ಳು ಎರಡು ಸಾವಿರದ ಹತ್ತಿರ ಅಂಟಿಕೊಂಡುಬಿಟ್ಟಿತ್ತು.

ಎಂಜಿನ್ ಅಂಕಿಗಳನ್ನು ತೋರಿಸುವ ಡಿಜಿಟಲ್ ಗೇಜ್ ಕೊಳ್ಳುವ ಮೊದಲು ನೋಡಬೇಕಾದದ್ದು ಎಂಜಿನ್ ಯಾವ ಭಾಷೆಯಲ್ಲಿ ಮಾತಾಡುತ್ತದೆ ಅನ್ನುವುದನ್ನು. ಈಗಿನ ಎಂಜಿನ್‌ಗಳ ಇಸಿಯು, ಅಂದರೆ ಅದರೊಳಗಿನ ಪುಟ್ಟ ಕಂಪ್ಯೂಟರ್, ಆರ್‌ಪಿಎಂ, ಬಿಸಿ, ಪೆಟ್ರೋಲ್ ಖರ್ಚು, ವೋಲ್ಟೇಜ್ ಎಲ್ಲವನ್ನೂ ಲೆಕ್ಕ ಹಾಕಿಯೇ ಇಟ್ಟುಕೊಂಡಿರುತ್ತದೆ. ಅದನ್ನು ಹೊರಗೆ ತರುವ ಸಾಮಾನ್ಯ ದಾರಿ ಎನ್‌ಎಂಇಎ 2000 ಅನ್ನುವ ಕೇಬಲ್ ಜಾಲ. ಹೋಂಡಾದ ಹೊಸ ಮಾದರಿಗಳಲ್ಲಿ ಅದು ನೇರವಾಗಿ ಸಿಗುತ್ತದೆ. ಸುಜುಕಿಗೆ ಬೇರೆ ಇಂಟರ್‌ಫೇಸ್ ಕೇಬಲ್ ಬೇಕು. ಯಮಹಾ, ಮರ್ಕ್ಯುರಿಯವರದ್ದು ಅವರವರದೇ ಜಾಲ, ನಡುವೆ ಒಂದರ ಭಾಷೆಯನ್ನು ಇನ್ನೊಂದಕ್ಕೆ ಬದಲಿಸುವ ಗೇಟ್‌ವೇ ಡಬ್ಬಿ ಹಾಕಬೇಕಾಗುತ್ತದೆ. ಗೇಜ್‌ಗಿಂತ ಈ ಡಬ್ಬಿಯೇ ಕೆಲವೊಮ್ಮೆ ಜೇಬು ಸುಡುತ್ತದೆ, ಮೊದಲೇ ವಿಚಾರಿಸಿ. ಹಳೇ ಟೂ ಸ್ಟ್ರೋಕ್ ಆದರೆ ಇಸಿಯು ಮಾತೇ ಇಲ್ಲ. ಚಾರ್ಜಿಂಗ್ ಕಾಯಿಲ್‌ನಿಂದ ಬರುವ ಪಲ್ಸ್ ಎಣಿಸಿ ಆರ್‌ಪಿಎಂ ತೋರಿಸುವ ಗೇಜ್ ಬೇಕು. ಎಂಜಿನ್‌ನಲ್ಲಿ ಎಷ್ಟು ಪೋಲ್ (ಅಯಸ್ಕಾಂತದ ಧ್ರುವ) ಅಂತ ಅದಕ್ಕೆ ಸರಿಯಾಗಿ ಹೇಳಿಕೊಡಬೇಕು. 12 ಪೋಲ್ ಇದ್ದರೆ ಒಂದು ಸುತ್ತಿಗೆ 6 ಪಲ್ಸ್.

ವೈರ್ ಮಾತ್ರ ಕುಶಾಲನಗರದ ಅಂಗಡಿಯಲ್ಲಿ ಸಿಗುವ ಮನೆ ವೈರಿಂಗ್ ತಂತಿ ಬೇಡ. ತವರದ ಲೇಪ ಇರುವ ತಾಮ್ರದ್ದೇ ಬೇಕು. ನಾನು ಸಂಪಾಜೆ ಘಾಟಿ ಇಳಿದು ಮಂಗಳೂರಿನಿಂದ ತಂದೆ. ಮೀನುಗಾರಿಕೆ ದೋಣಿಗಳ ಊರು, ಇಂಥ ಸಾಮಾನಿಗೆ ಅಲ್ಲಿ ಜಾಸ್ತಿ ವಿವರಿಸಬೇಕಾಗಿಲ್ಲ. ನಮ್ಮದು ಸಿಹಿನೀರು, ಉಪ್ಪಿನ ಕಾಟ ಇಲ್ಲ ಅಂತ ಕೆಲವರು ಹೇಳುತ್ತಾರೆ. ಜುಲೈ ತಿಂಗಳಲ್ಲಿ ನಮ್ಮ ಶೆಡ್ಡಿನ ಗೋಡೆ ಮುಟ್ಟಿ ನೋಡಿದರೆ ಆ ಮಾತು ಆಡುವುದಿಲ್ಲ.

ಹಳೇ ಆರ್‌ಪಿಎಂ ಡಯಲ್‌ನ ತೂತು 85 ಮಿಲಿಮೀಟರ್. ಅದೇ ಅಳತೆಯ ಗೇಜ್ ಆರಿಸಿದ್ದರಿಂದ ಡ್ಯಾಶ್‌ಬೋರ್ಡ್ ಕೊರೆಯುವ ಕೆಲಸ ತಪ್ಪಿತು. ಕೊರೆಯಲೇಬೇಕಾದರೆ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ದುಂಡು ತೂತು ಕೊರೆಯುವ ಗರಗಸವನ್ನು (ಹೋಲ್ ಸಾ) ಮೊದಲು ಉಲ್ಟಾ ತಿರುಗಿಸಿ ಹೊಳಪಿನ ಪದರ ಕತ್ತರಿಸಿಕೊಳ್ಳಿ, ಆಮೇಲೆ ನೇರಕ್ಕೆ ತಿರುಗಿಸಿ. ಇಲ್ಲದಿದ್ದರೆ ಅಂಚು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಮೂಗಿಗೆ ಮಾಸ್ಕ್ ಇರಲಿ, ಫೈಬರ್ ಪುಡಿ ಒಳ್ಳೆಯದಲ್ಲ.

ಜಾಲ ಕಟ್ಟುವುದು ನೋಡಲು ಕಷ್ಟ, ಮಾಡಲು ಸುಲಭ. ಮೂರು ಟಿ ಕನೆಕ್ಟರ್‌ಗಳನ್ನು ಸಾಲಾಗಿ ಜೋಡಿಸಿದೆ. ಒಂದಕ್ಕೆ ಎಂಜಿನ್, ಒಂದಕ್ಕೆ ಗೇಜ್, ಒಂದಕ್ಕೆ ಕರೆಂಟ್. ಸಾಲಿನ ಎರಡೂ ತುದಿಗೆ ಒಂದೊಂದು ಟರ್ಮಿನೇಟರ್, ಅಂದರೆ ಒಳಗೆ 120 ಓಮ್ ರೆಸಿಸ್ಟರ್ ಇರುವ ಮುಚ್ಚಳ. ಟಿಯಿಂದ ಗೇಜ್‌ಗೆ ಹೋಗುವ ಕೇಬಲ್ 6 ಮೀಟರ್ ದಾಟಬಾರದು. ನಮ್ಮಂಥ ದೋಣಿಯಲ್ಲಿ ಅಷ್ಟು ಉದ್ದ ಬೇಕಾಗುವುದೂ ಇಲ್ಲ. ಕರೆಂಟನ್ನು ಕೀ ಸ್ವಿಚ್‌ನಿಂದ ತೆಗೆಯಲಿಲ್ಲ. ಬೇರೆಯೇ ಸ್ವಿಚ್, ಅದಕ್ಕೆ 3 ಆಂಪಿಯರ್ ಫ್ಯೂಸ್. ಇಷ್ಟಕ್ಕೆ ಕೈ ಹಾಕುವ ಮೊದಲು ಬ್ಯಾಟರಿ ಬಿಚ್ಚಿಡಿ. ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲಿ ಕಿಡಿ ಯಾರಿಗೂ ಬೇಡ, ಅಲ್ವಾ?

ಆನ್ ಮಾಡುವ ಮೊದಲು ಮಲ್ಟಿಮೀಟರ್ ಹಿಡಿಯಲೇಬೇಕು. ಜಾಲದ ಕೇಬಲ್ಲಿನ ಬಿಳಿ ಮತ್ತು ನೀಲಿ ವೈರ್‌ಗಳ ನಡುವೆ 60 ಓಮ್ ಬಂದರೆ ಸರಿ. 120 ಬಂದರೆ ಒಂದು ಟರ್ಮಿನೇಟರ್ ಕೂತಿಲ್ಲ. 40 ಬಂದರೆ ಎಲ್ಲೋ ಮೂರನೆಯದು ಸೇರಿಕೊಂಡಿದೆ, ಕೆಲವು ಸಾಧನಗಳ ಒಳಗೇ ಒಂದು ಇರುತ್ತದೆ. ಈ ಒಂದು ಅಳತೆ ಅರ್ಧ ದಿನದ ತಲೆನೋವು ಉಳಿಸುತ್ತದೆ.

ಗೇಜ್ ಏನೋ ಹತ್ತಿಕೊಂಡಿತು. ಆದರೆ ಎಂಜಿನ್ ಓಡುತ್ತಿರುವಾಗ 12.8 ವೋಲ್ಟ್ ತೋರಿಸುತ್ತಿತ್ತು. ಚಾರ್ಜ್ ಆಗುತ್ತಿದ್ದರೆ ಹದಿನಾಲ್ಕರ ಹತ್ತಿರ ಇರಬೇಕು. ಬ್ಯಾಟರಿ ತುದಿಗೇ ಮೀಟರ್ ಇಟ್ಟರೆ 14. ಒಂದು ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಡ್ಯಾಶ್‌ಬೋರ್ಡ್ ಕೆಳಗೆ ಅಂಗಾತ ಮಲಗಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕಪ್ಪು ವೈರ್ ಹಿಡಿದು ಹಿಂದೆ ಹಿಂದೆ ಹೋದೆ. ಎಲ್ಲ ಅರ್ಥ್ ವೈರ್‌ಗಳೂ ಸೇರುವ ಬೋಲ್ಟ್ ಹತ್ತಿರ ಒಂದು ರಿಂಗ್ ಟರ್ಮಿನಲ್ ಹೊರಗಿನಿಂದ ಚೆನ್ನಾಗಿಯೇ ಇತ್ತು. ಸುಮ್ನೆ ಸ್ವಲ್ಪ ಎಳೆದರೆ ಕೈಗೇ ಬಂತು. ಪ್ಲಾಸ್ಟಿಕ್ ಸುಲಿದರೆ ಒಳಗಿನ ತಾಮ್ರ ಒಂದು ಗೇಣು ಉದ್ದಕ್ಕೂ ಹಸಿರು ಪುಡಿ. ನಾಲ್ಕೈದು ಎಳೆ ಮಾತ್ರ ಉಳಿದಿದ್ದವು. ಆ ಇಡೀ ಅರ್ಥ್ ವೈರ್ ತೆಗೆದು ಹೊಸದು ಎಳೆದೆ. ಟರ್ಮಿನಲ್ ಒತ್ತಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಹಾಕಿದೆ. ಗೇಜ್ 13.9 ತೋರಿಸಿತು. ಹಳೇ ಮುಳ್ಳು ಅಂಟಿಕೊಳ್ಳಲು ಈ ಅರ್ಥ್ ಕೂಡ ಸ್ವಲ್ಪ ಕಾರಣ ಇದ್ದೀತು ಅಂತ ನನ್ನ ಗುಮಾನಿ.

ಪೆಟ್ರೋಲ್ ಮಟ್ಟದ ಕೆಲಸ ಬೇರೆ. ಟ್ಯಾಂಕ್‌ನ ತೇಲುಗುಂಡಿನ ಸೆಂಡರ್‌ಗೂ ಇಸಿಯುಗೂ ಸಂಬಂಧ ಇಲ್ಲ, ಗುಲಾಬಿ ಬಣ್ಣದ ವೈರ್ ನೇರವಾಗಿ ಗೇಜ್‌ಗೇ ಬರುತ್ತದೆ. ಸೆಂಡರ್‌ನಲ್ಲಿ ಎರಡು ಜಾತಿ. ಅಮೆರಿಕದ್ದು ಖಾಲಿ ಇದ್ದಾಗ 240 ಓಮ್, ತುಂಬಿದಾಗ 33. ಯುರೋಪಿನದ್ದು ಖಾಲಿಗೆ 10, ತುಂಬಿದರೆ 180. ಸೆಟ್ಟಿಂಗ್‌ನಲ್ಲಿ ಅದಲು ಬದಲಾದರೆ ಖಾಲಿ ಟ್ಯಾಂಕನ್ನು ಗೇಜ್ ಫುಲ್ ಅನ್ನುತ್ತದೆ. ಇನ್ನು ನಮ್ಮ ಟ್ಯಾಂಕ್ ದೋಣಿಯ ತಳಕ್ಕೆ ಹೊಂದಿಕೊಂಡು ಕೆಳಗೆ ಕಿರಿದು, ಮೇಲೆ ಅಗಲ. ತೇಲುಗುಂಡು ಅರ್ಧ ಎತ್ತರದಲ್ಲಿದ್ದರೂ ಒಳಗಿರುವುದು ಅರ್ಧ ಪೆಟ್ರೋಲ್ ಅಲ್ಲ. ಅದಕ್ಕೆ ಟ್ಯಾಂಕ್ ಖಾಲಿ ಮಾಡಿ, 5 ಲೀಟರ್ ಕ್ಯಾನ್‌ನಲ್ಲಿ ಅಳೆದು ಸುರಿಯುತ್ತಾ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ಗೇಜ್‌ಗೆ ಕಲಿಸಿದೆ. ಬೇಸರದ ಕೆಲಸ. ದೋಣಿ ನೀರಿನಲ್ಲಿ ಸಮತಟ್ಟಾಗಿ ನಿಂತಿರುವಾಗಲೇ ಮಾಡಬೇಕು. ಟ್ರೇಲರ್ ಮೇಲೆ ಮಾಡಿದರೆ ವಾಲಿಕೆಯ ಲೆಕ್ಕ ಸೇರಿಕೊಳ್ಳುತ್ತದೆ.

ಗೇಜ್ ಹಾಕಿದ್ದಕ್ಕೆ ನಿಜವಾದ ಲಾಭ ಸಿಕ್ಕಿದ್ದು ನಾನು ಎಣಿಸಿರದ ಕಡೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಈ ಎಂಜಿನ್ 5,000ದಿಂದ 6,000 ಆರ್‌ಪಿಎಂ ಒಳಗೆ ಓಡಬೇಕು ಅಂತ ಪುಸ್ತಕ ಹೇಳುತ್ತದೆ. ಜನ ತುಂಬಿಕೊಂಡು ಓಡಿಸಿದರೆ ನಮ್ಮದು 4,800ಕ್ಕೇ ನಿಲ್ಲುತ್ತಿತ್ತು. ಇಷ್ಟು ದಿನ ಅದು ಗೊತ್ತೇ ಆಗಿರಲಿಲ್ಲ, ಯಾಕೆಂದರೆ ಸದ್ದಿನಲ್ಲಿ ಏನೂ ತೊಂದರೆ ಇಲ್ಲ. ಎಂಜಿನ್ ಕೆಟ್ಟಿದೆಯಾ ಅಂತ ಪ್ಲಗ್, ಫಿಲ್ಟರ್ ಎಲ್ಲ ನೋಡಿದೆ, ಸರಿಯಾಗಿತ್ತು. ವಿಷಯ ಇದ್ದದ್ದು ಗಾಳಿಯಲ್ಲಿ, ಎತ್ತರ ಏರಿದಷ್ಟೂ ಅದು ತೆಳುವಾಗುತ್ತದೆ. ಹಾರಂಗಿ ಅಣೆಕಟ್ಟೆಯ ಪೂರ್ಣ ಮಟ್ಟವೇ ಸಮುದ್ರಮಟ್ಟದಿಂದ 2,859 ಅಡಿ. ಸಾವಿರ ಅಡಿ ಏರಿದರೆ ಇಂಥ ಎಂಜಿನ್ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಂದರೆ ನಮ್ಮ 60ರಲ್ಲಿ 5 ಎಚ್‌ಪಿ ಕೊಡಗಿನ ಎತ್ತರಕ್ಕೇ ಹೋಯಿತು. ಫ್ಯೂಯೆಲ್ ಇಂಜೆಕ್ಷನ್ ಇದ್ದರೆ ಪೆಟ್ರೋಲ್ ಪ್ರಮಾಣವನ್ನು ಅದೇ ಹೊಂದಿಸಿಕೊಳ್ಳುತ್ತದೆ, ಆದರೆ ಇಲ್ಲದ ಗಾಳಿಯನ್ನು ಎಲ್ಲಿಂದ ತರುತ್ತದೆ? ದೋಣಿಯ ಜೊತೆ ಬಂದಿದ್ದ 13 ಇಂಚು ಪಿಚ್‌ನ (ಒಂದು ಸುತ್ತಿಗೆ ಲೆಕ್ಕದಲ್ಲಿ ಅಷ್ಟು ಮುಂದೆ ಸಾಗುವ) ಪ್ರೊಪೆಲ್ಲರ್ ಸಮುದ್ರಕ್ಕೆ ಸರಿ. ಅದನ್ನು ಇಲ್ಲಿ ತಿರುಗಿಸುವುದು ಟಾಪ್ ಗೇರಿನಲ್ಲಿ ಜೀಪು ಘಾಟಿ ಹತ್ತಿಸಿದ ಹಾಗೆ. ಪಿಚ್ ಒಂದು ಇಂಚು ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ ಅನ್ನುವುದು ಲೆಕ್ಕ. 11 ಇಂಚಿನದ್ದು ಹಾಕಿದೆವು. ಅದೇ ಜನ, ಅದೇ ನೀರು, ಗೇಜ್ 5,200 ತೋರಿಸಿತು. ದೋಣಿ ಮೂಗೆತ್ತಿ ಒದ್ದಾಡುವುದೂ ಕಡಿಮೆಯಾಯಿತು.

ಬಿಸಿಯ ಅಂಕಿಯನ್ನೂ ಹೀಗೇ ಓದಬೇಕು. ನಮ್ಮದು ಓಡುವಾಗ 60 ಡಿಗ್ರಿ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ಅಂಚಿನ ಕೆಸರು, ಜೊಂಡು ಹತ್ತಿರ ಬಂದಾಗ ನೀರೆಳೆಯುವ ಜಾಲರಿಗೆ ಕಸ ಕಟ್ಟುತ್ತದೆ. ಆಗ ಅಂಕಿ ನಿಧಾನವಾಗಿ ಮೇಲೆ ಹೋಗುತ್ತದೆ, ಅಲಾರಂ ಇನ್ನೂ ಸುಮ್ಮನಿರುತ್ತದೆ. ಅರವತ್ತು ದಾಟಿ ನಾಲ್ಕೈದು ಡಿಗ್ರಿ ಏರಿದರೆ ನಾನು ಹಿಂದೆ ತಿರುಗಿ ಎಂಜಿನ್ ಪಕ್ಕದಿಂದ ಚಿಮ್ಮುವ ನೀರಿನ ಎಳೆ ನೋಡುತ್ತೇನೆ. ಅದು ಸಣ್ಣಗಾಗಿದ್ದರೆ ಎಂಜಿನ್ ಆಫ್ ಮಾಡಿ, ಎತ್ತಿ, ಕಸ ತೆಗೆದು ಮತ್ತೆ ಹೊರಡುವುದು. ಗೇಜ್ ಇದೆ ಅಂತ ಆ ನೀರಿನ ಎಳೆ ನೋಡುವುದನ್ನು ಬಿಡಬೇಡಿ.

ಡ್ಯಾಶ್‌ಬೋರ್ಡ್ ಮುಚ್ಚಳದ ಒಳಗೆ ಒಂದು ಕಾರ್ಡ್ ಅಂಟಿಸಿದ್ದೇನೆ. ಐಡಲ್, 3,500, ಪೂರ್ತಿ ಥ್ರಾಟಲ್, ಈ ಮೂರರಲ್ಲೂ ಬಿಸಿ ಎಷ್ಟು, ವೋಲ್ಟ್ ಎಷ್ಟು, ಗಂಟೆಗೆ ಪೆಟ್ರೋಲ್ ಎಷ್ಟು ಅಂತ. ಗೆಳೆಯರಲ್ಲಿ ಯಾರೇ ಓಡಿಸಿದರೂ ಅದಕ್ಕೆ ಹೋಲಿಸಿ ನೋಡುತ್ತಾರೆ. ಪುಸ್ತಕದ ಅಂಕಿ ಬೇರೆ ಯಾವುದೋ ಕಡಲತೀರದ ಎಂಜಿನ್‌ದು, ಕಾರ್ಡಿನದ್ದು ನಮ್ಮ ಎಂಜಿನ್‌ದು.

ಎಂಜಿನ್ ಎಷ್ಟು ವಾಲಿದೆ ಅಂತ ತಿಳಿಸುವ ಟ್ರಿಮ್ ಸೆನ್ಸರ್ ವೈರ್ ಇನ್ನೂ ಜೋಡಿಸಿಲ್ಲ, ಡ್ಯಾಶ್‌ಬೋರ್ಡ್ ಕೆಳಗೆ ಸುತ್ತಿಟ್ಟಿದ್ದೇನೆ. ಜೂನ್‌ನಲ್ಲಿ ದೋಣಿ ಶೆಡ್ಡಿಗೆ ಬಂದ ಮೇಲೆ ಆ ಕೆಲಸ. ಅದಕ್ಕೂ ಮೊದಲು ಕೇಬಲ್‌ಗಳಿಗೆಲ್ಲ ಗಟ್ಟಿ ಪೈಪ್ ಹಾಕಬೇಕು. ಮಳೆಗಾಲದಲ್ಲಿ ತೋಟದ ಇಲಿಗಳು ಮನೆ ಮಾಡುವುದು ಆ ಶೆಡ್ಡಿನಲ್ಲೇ.