ಹಳೇ ಹೆಲಿಯೋಸ್‌ಗೆ ದೂರದ ಬೆಟ್ಟ ಕಾಣಿಸಿದ್ದು ಹೀಗೆ

ನನ್ನ ಹತ್ತಿರ ಸೋವಿಯತ್ ಕಾಲದ ಹೆಲಿಯೋಸ್ 44-2 ಲೆನ್ಸ್ ಇದೆ. 58 ಎಂಎಂ, ಎಫ್/2. ನಿಕಾನ್ ಡಿಎಸ್‌ಎಲ್‌ಆರ್‌ಗೆ ಹಾಕಿದರೆ ಹತ್ತಿರದ ಹೂವು ಚೆನ್ನಾಗಿ ಬರುತ್ತಿತ್ತು, ದೂರದ ಬೆಟ್ಟ ಮಾತ್ರ ಮಸುಕು. ಫೋಕಸ್ ರಿಂಗ್ ಕೊನೆವರೆಗೆ ತಿರುಗಿಸಿದರೂ ಅಷ್ಟೇ.

ಲೆನ್ಸ್ ಕೆಟ್ಟಿರಲಿಲ್ಲ. ಇದು ಎಂ42 ಎಂಬ ತಿರುಪಿನ ಮೌಂಟಿನ ಲೆನ್ಸ್; ಮೌಂಟ್ ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಜಾಗ. ಮೌಂಟಿನಿಂದ ಸೆನ್ಸರ್‌ಗೆ 45.46 ಎಂಎಂ ಅಂತರ ಇರಬೇಕು. ನಿಕಾನ್ ಎಫ್ ಮೌಂಟಿನಲ್ಲಿ ಅದು 46.5. ಒಂದು ಮಿಲಿಮೀಟರ್ ಏನು ಮಹಾ ಅನಿಸುತ್ತೆ, ಅಲ್ವಾ? ಲೆನ್ಸ್ ಅಷ್ಟು ಮುಂದೆ ಕೂತರೂ ಸಾಕು, ದೂರದ ಫೋಕಸ್ ಸಿಗುವುದೇ ಇಲ್ಲ. ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕುವ, ಒಳಗೆ ಗಾಜಿರುವ ಅಡಾಪ್ಟರ್ ಇದನ್ನು ಸರಿ ಮಾಡುತ್ತದೆ. ಆದರೆ ಅಗ್ಗದ ಗಾಜು ಹಾಕಿ ಒಳ್ಳೇ ಲೆನ್ಸನ್ನು ಹಾಳು ಮಾಡಲು ನನಗೆ ಮನಸ್ಸಿರಲಿಲ್ಲ.

ಹಾಗಾಗಿ ಸೋನಿ ಇ ಮೌಂಟಿನ, ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗೆ ಹಾಕಿದೆ. ಅದರಲ್ಲಿ ಅಂತರ ಬರೀ 18 ಎಂಎಂ. ಉಳಿದದ್ದನ್ನು ಖಾಲಿ ಕೊಳವೆಯಂಥ ಅಡಾಪ್ಟರ್ ತುಂಬುತ್ತದೆ. ಬೆಟ್ಟ ಸ್ಪಷ್ಟವಾಯಿತು.

ಶಟರ್ ಮಾತ್ರ ಬೀಳಲಿಲ್ಲ. ಲೆನ್ಸೇ ಇಲ್ಲ ಎಂದು ಕ್ಯಾಮೆರಾ ತಿಳಿದಿತ್ತು. ಮೆನುವಿನಲ್ಲಿ ‘ಲೆನ್ಸ್ ಇಲ್ಲದೆ ರಿಲೀಸ್’ ಆನ್ ಮಾಡಿದೆ. ಕೈ ನಡುಕ ಸರಿಪಡಿಸುವ ಸ್ಟೆಬಿಲೈಸೇಶನ್‌ಗೆ 58ರ ಹತ್ತಿರದ ಫೋಕಲ್ ಲೆಂತ್ ಕೊಟ್ಟೆ.

ಫೋಕಸ್ ಆದ ಅಂಚುಗಳನ್ನು ತೋರಿಸುವ ಫೋಕಸ್ ಪೀಕಿಂಗ್‌ನ ಬಣ್ಣದ ಗೆರೆಗಳನ್ನು ನಾನು ಜಾಸ್ತಿ ನಂಬುವುದಿಲ್ಲ. 44-2ಕ್ಕೆ ಎರಡು ಅಪರ್ಚರ್ (ಬೆಳಕು ಬರುವ ಕಿಂಡಿ) ರಿಂಗ್. ಒಂದರಲ್ಲಿ ಎಫ್/5.6 ಇಟ್ಟುಕೊಂಡು, ಇನ್ನೊಂದನ್ನು ಪೂರ್ತಿ ತೆರೆದು, ಚಿತ್ರ ಹಿಗ್ಗಿಸಿ ಫೋಕಸ್ ಮಾಡುತ್ತೇನೆ. ಆಮೇಲೆ ಆ ಎರಡನೇ ರಿಂಗನ್ನು ಎಫ್/5.6ರಲ್ಲಿ ತಡೆದು ನಿಲ್ಲುವವರೆಗೆ ತಿರುಗಿಸಿ ಕ್ಲಿಕ್.