ಯೆಕಟೆರಿನ್‌ಬರ್ಗ್ 10 ರೂಬಲ್: ಪರೀಕ್ಷಿಸುವುದು, ಕಾಪಿಡುವುದು

ಎರಡನೇ ಮಹಾಯುದ್ಧದ ಕಾಲದಲ್ಲಿ ಹಗಲಿರುಳು ದುಡಿದ ಕಾರ್ಖಾನೆ ನಗರಗಳಿಗೆ ರಷ್ಯಾ 2020ರಲ್ಲಿ 'ಶ್ರಮಶೌರ್ಯದ ನಗರ' ಎಂಬ ಬಿರುದು ತಂದಿತು. ಆ ಬಿರುದಿನ ಹೆಸರಿನಲ್ಲಿ ಬಂದ 10 ರೂಬಲ್ ನಾಣ್ಯಗಳ ಸರಣಿಯಲ್ಲಿ 2021ರ ಯೆಕಟೆರಿನ್‌ಬರ್ಗ್ ನಾಣ್ಯವೂ ಒಂದು. ಯುದ್ಧದ ವರ್ಷಗಳಲ್ಲಿ ಊರಿನ ಹೆಸರು ಸ್ವೆರ್ಡ್‌ಲೊವ್‌ಸ್ಕ್. ನಾಣ್ಯದ ಮೇಲಿರುವುದು ಇಂದಿನ ಹೆಸರು. ಹಾಗಾಗಿ ಹಳೆಯ ಹೆಸರನ್ನು ಹುಡುಕಬೇಡಿ.

ಮೊದಲು ಅಯಸ್ಕಾಂತ ಹಿಡಿಯಿರಿ. ಒಳಗೆ ಉಕ್ಕು, ಮೇಲೆ ಹಿತ್ತಾಳೆ ಲೇಪ, ಅಂಟಲೇಬೇಕು. ಅಂಟಿದ ಮಾತ್ರಕ್ಕೆ ಅಸಲಿ ಎನ್ನುವಂತಿಲ್ಲ. 0.01 ಗ್ರಾಂ ತೋರುವ ತಕ್ಕಡಿಯಲ್ಲಿ ತೂಕ 5.63 ಗ್ರಾಂ ಆಸುಪಾಸು, ವ್ಯಾಸ 22 ಮಿ.ಮೀ. ಇರಬೇಕು. ಆಮೇಲೆ ದೀಪದಡಿ ಮೆಲ್ಲಗೆ ಓರೆ ಮಾಡಿ: 10ರ ಸೊನ್ನೆಯೊಳಗೆ ಒಂದು ಕೋನದಲ್ಲಿ '10', ಇನ್ನೊಂದರಲ್ಲಿ ರಷ್ಯನ್ ಲಿಪಿಯ 'ರೂಬ್' (РУБ) ಅಕ್ಷರಗಳು ಮೂಡುತ್ತವೆ. ಅಂಚಿನಲ್ಲಿ 5 ಗೀರು, ನುಣುಪು, 7 ಗೀರು, ನುಣುಪು ಎಂಬ ಸರದಿ ಸುತ್ತಲೂ ಸಾಗುತ್ತದೆ. ಸವೆದ ನಾಣ್ಯದಲ್ಲಿ ಸೊನ್ನೆಯ ಚಿತ್ರ ಮಸುಕಾದರೂ ಅಂಚು ಸುಳ್ಳು ಹೇಳುವುದು ಕಡಿಮೆ.

ದಯವಿಟ್ಟು ಹುಣಸೆಹಣ್ಣು, ನಿಂಬೆ, ಪೀತಾಂಬರಿ ಮುಟ್ಟಿಸಬೇಡಿ. ದೇವರಮನೆಯ ಹಿತ್ತಾಳೆ ದಪ್ಪ, ಉಜ್ಜಿದರೂ ತಡೆಯುತ್ತದೆ; ಇಲ್ಲಿರುವುದು ತೆಳು ಪದರ. ಅದು ಹರಿದರೆ ಉಕ್ಕು ಬಯಲಾಗಿ ಕಂದು ಚುಕ್ಕೆಯ ತುಕ್ಕು ಏಳುತ್ತದೆ, ಮತ್ತೆ ಸರಿಹೋಗದು. ಜಿಡ್ಡಿದ್ದರೆ ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ಎರಡು ನಿಮಿಷ ಅದ್ದಿ, ಉಜ್ಜದೆ ಆರಲು ಬಿಡಿ. ಗಾಳಿ ಆಡುವ ಜಾಗವಿರಲಿ, ಬೆಂಕಿ ಹತ್ತಿರ ಬೇಡ. ಉಗುರುಬಣ್ಣ ತೆಗೆಯುವ ದ್ರಾವಣ ಸಲ್ಲದು, ಅದರ ಎಣ್ಣೆಯಂಶ ಉಳಿಯುತ್ತದೆ.

ಮೆತ್ತನೆಯ ಪಿವಿಸಿ ಕವರು ಕಾಲಕ್ರಮೇಣ ಹಸಿರು ಅಂಟು ಬಿಡುತ್ತದೆ. 22 ಮಿ.ಮೀ. ಗಟ್ಟಿ ಕ್ಯಾಪ್ಸೂಲ್ (ನಾಣ್ಯವಿಡುವ ಪ್ಲಾಸ್ಟಿಕ್ ಕರಡಿಗೆ) ಕೊಳ್ಳಿ, ಅದನ್ನಿಡುವ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಕರಾವಳಿಯಲ್ಲಾದರೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಿ.